ಉಳವಪ್ಪನವರ ಅಹಿಂಸಾವಾದಿ ಬೆಕ್ಕು

ದೇಶಕ್ಕೆ ಸ್ವಾತಂತ್ರ್ಯ ಬಂತು. ಮರುವರ್ಷ ಊರನ್ನಾಳುತ್ತಿದ್ದ ಸಂಸ್ಥಾನವೂ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ಲಕ್ಷ್ಮೇಶ್ವರದ ಉಳವಪ್ಪನವರಿಗೆ ಹೋರಾಡುವುದಕ್ಕೆ ಏನೂ ಉಳಿಯಲಿಲ್ಲ. ಪ್ರಭಾತಫೇರಿ, ಸಭೆ, ಉಪವಾಸ ಎಂದು ವರ್ಷಗಟ್ಟಲೆ ಓಡಾಡಿದ ಮನುಷ್ಯ ಈಗ ಪಡಸಾಲೆಯಲ್ಲಿ ಕುಳಿತು ಮನೆಯೊಳಗಿನ ಅನ್ಯಾಯಗಳನ್ನು ಹುಡುಕತೊಡಗಿದರು. (ಕರ್ನಾಟಕದ ಏಕೀಕರಣ ಇನ್ನೂ ಬಾಕಿ ಇತ್ತಲ್ಲ ಎನ್ನುವಿರಿ. ಇತ್ತು. ಆದರೆ ಅದರ ಸಭೆಗಳು ಗದಗು, ಹುಬ್ಬಳ್ಳಿಗಳಲ್ಲಿ ನಡೆಯುತ್ತಿದ್ದವು, ಉಳವಪ್ಪನವರಿಗೆ ಮೊಣಕಾಲು ನೋವು.)

ಹುಡುಕುವವರಿಗೆ ಅನ್ಯಾಯ ಸಿಗದೆ ಇರುವುದಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಬೆಳ್ಳಿ. ಬೆಳ್ಳಿ ಎಂದರೆ ಆ ಮನೆಯ ಬೂದುಬಣ್ಣದ ಹೆಣ್ಣು ಬೆಕ್ಕು. ಮುಂಜಾನೆ ಒಂದು ತುಣುಕು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಅದಕ್ಕೆ ಹಾಕುವುದು, ಆಮೇಲೆ ಮರುದಿನದವರೆಗೆ ಅದರ ಕಡೆಗೆ ನೋಡದಿರುವುದು ಅಲ್ಲಿಯ ಪದ್ಧತಿ. ಉಳವಪ್ಪನವರ ಹೆಂಡತಿ ನೀಲಗಂಗವ್ವ, ನೀಲಗಂಗವ್ವನ ಅತ್ತೆ, ಆ ಅತ್ತೆಯ ಅತ್ತೆ ಎಲ್ಲರೂ ಹೀಗೆಯೇ ಬೆಕ್ಕು ಸಾಕಿದವರು. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬುದು ಆ ಸೀಮೆಯವರೆಲ್ಲ ಒಪ್ಪಿದ ಶಾಸ್ತ್ರ. ಅದರಲ್ಲಿಯೂ ಅದು ಭಾದ್ರಪದ ಮಾಸ. ಹಿಂಗಾರಿಗೆ ಬಿತ್ತಲೆಂದು ಬೂದಿ ಬೆರೆಸಿ ತೆಗೆದಿಟ್ಟ ಬಿಳಿಜೋಳದ ಬೀಜ ಒಳಕೋಣೆಯಲ್ಲಿತ್ತು. ಆ ವರ್ಷ ಕಡ ಕೇಳೋಣವೆಂದರೆ ಊರಲ್ಲಿ ಯಾರ ಮನೆಯಲ್ಲಿಯೂ ಹೆಚ್ಚಿನ ಬೀಜವಿರಲಿಲ್ಲ. ಇಲಿಗಳು ಬಾಯಿ ಹಾಕಿದರೆ ಹೊಲ ಬೀಳು ಬೀಳುವುದೇ ಸೈ.

ಒಂದು ಮುಂಜಾನೆ ಬೆಳ್ಳಿ ಖಾಲಿ ತಾಟನ್ನು ನೆಕ್ಕುತ್ತಿರುವುದನ್ನು ಉಳವಪ್ಪನವರು ನೋಡಿದರು.

“ಈ ಮೂಕಪ್ರಾಣಿಗೆ ಹೊಟ್ಟಿತುಂಬ ಹಾಕೂದಿಲ್ಲೇನು?”

“ಹಾಕಿದ್ರ ಇಲಿ ಯಾರು ಹಿಡೀತಾರ? ನೀವು ಹಿಡೀತೀರೇನು?” ಎಂದರು ನೀಲಗಂಗವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

“ಹಸದದ್ದಕ್ಕ ಅದು ಕೊಲ್ಲತೈತಿ. ಹಸಿವು ತಗದುಬಿಟ್ರ ಹಿಂಸಾ ತಾನ ಬಿಡತೈತಿ. ಮನಷ್ಯಾರದೂ ಅಷ್ಟ, ಬೆಕ್ಕಿಂದೂ ಅಷ್ಟ.”

“ಹಿಂಸಾ ಬಿಟ್ಟ ಬೆಕ್ಕು ತಗೊಂಡು ನಾ ಏನು ಮಾಡ್ಲಿ? ಆರತಿ ಬೆಳಗ್ಲೇನು?”

“ಬೆಕ್ಕು ಶಾಂತ ಆತಂದ್ರ ಇಲೀನೂ ಶಾಂತ ಆಗ್ತಾವು. ವೈರ ಅನ್ನೂದು ಒಂದ ಕಡಿಗೆ ನಿಂದ್ರೂದಿಲ್ಲ.”

“ಶಾಂತ ಆದ ಇಲಿ ಬೀಜ ತಿನ್ನಾಂಗಿಲ್ಲೇನ್ರಿ?”

ಉಳವಪ್ಪನವರು ಆವೇಶದಿಂದ ಹೇಳಿಬಿಟ್ಟರು: “ಬೀಜಕ್ಕ ಬಾಯಿ ಹಾಕಿದ ದಿನಾನ ನನ್ನ ಪ್ರಯೋಗ ಮುಗೀತು. ಬೆಕ್ಕನ್ನ ನಿಮ್ಮಣ್ಣ ಸೊರಟೂರಿಗೆ ಒಯ್ಲಿ. ನಾ ಮತ್ತ ನಿನ್ನ ಅಡಗಿಮನಿ ಉಸಾಬರಿಗೆ ಬರೂದಿಲ್ಲ.”

ಕೊನೆಯ ಮಾತು ನೀಲಗಂಗವ್ವನ ಕಿವಿಗೆ ಇಂಪಾಗಿ ಕೇಳಿಸಿತು. “ಆತು. ಆದ್ರ ನನ್ನ ಹೆಪ್ಪಿನ ಹಾಲು ಮುಟ್ಟಬ್ಯಾಡ್ರಿ. ಹಾಕೂದಿದ್ರ ನಿಮ್ಮ ಪಾಲಿಂದು ಹಾಕ್ರಿ.”

ಹೀಗೆ ಉಳವಪ್ಪನವರು ಎರಡು ಹೊತ್ತು ಕುಡಿಯುತ್ತಿದ್ದ ಹಾಲು ಬೆಳ್ಳಿಯ ತಾಟಿಗೆ ವರ್ಗವಾಗಿ, ಮಾರ್ಜಾಲ ಹೃದಯ ಪರಿವರ್ತನೆಯ ಮಹಾಕಾರ್ಯ ಆರಂಭವಾಯಿತು. ಅವರು ಬೆಕ್ಕಿನ ಎದುರಿಗೆ ಕುಳಿತು ಅದರ ಸ್ವಭಾವವನ್ನು ಅಭ್ಯಾಸ ಮಾಡಿದರು. ನಾಯಿ ಬಾಲ ಆಡಿಸಿದರೆ ಪ್ರೀತಿ, ಆದ್ದರಿಂದ ಬೆಕ್ಕು ಬಾಲ ಆಡಿಸಿದರೂ ಪ್ರೀತಿ ಎಂದು ತರ್ಕ ಮಾಡಿ, ಬಾಲ ಜೋರಾಗಿ ಆಡುತ್ತಿದ್ದಾಗಲೇ ಅದರ ಹೊಟ್ಟೆ ಸವರಲು ಹೋದರು. ಮುಂಗೈ ತುಂಬ ಗೀರುಗಳೆದ್ದವು. (ಪೂರ್ವಾಶ್ರಮದ ಸಂಸ್ಕಾರ, ಬೇಗ ಹೋಗುವುದಿಲ್ಲ ಎಂದು ಕ್ಷಮಿಸಿ ಅರಿಷಿಣ ಹಚ್ಚಿಕೊಂಡರು.)

ದಿನಗಳು ಕಳೆದವು. ಬೆಕ್ಕಿನ ಮೈ ತುಂಬಿತು, ಉಳವಪ್ಪನವರ ಮೈ ಇಳಿಯಿತು. ಆದರೆ ಪ್ರಯೋಗ ಫಲಿಸುತ್ತಿತ್ತು. ಮೊದಲೆಲ್ಲ ಮುಂಜಾನೆ ಮೂಲೆಯಲ್ಲಿ ಇಲಿಯ ಬಾಲವೋ ತೊಗಲೋ ಬಿದ್ದಿರುತ್ತಿತ್ತು. ಈಗ ಅವರು ಎದ್ದು ಮನೆಯೆಲ್ಲ ತಿರುಗಿದರೂ ಹಿಂಸೆಯ ಒಂದು ಗುರುತೂ ಸಿಗುತ್ತಿರಲಿಲ್ಲ. ಬೀಜದ ಚೀಲಗಳಿಗೆ ಒಂದು ತೂತೂ ಬಿದ್ದಿರಲಿಲ್ಲ.

ಅದಕ್ಕಿಂತ ದೊಡ್ಡ ಪವಾಡವೆಂದರೆ ನೀಲಗಂಗವ್ವ ಎದುರು ಮಾತನಾಡುವುದನ್ನೇ ಬಿಟ್ಟಿದ್ದರು. ಒಮ್ಮೊಮ್ಮೆ ತಾವಾಗಿಯೇ ಬೆಕ್ಕಿನ ಹಾಲಿಗೆ ಒಂದಿಷ್ಟು ಕೆನೆ ಹಾಕುತ್ತಿದ್ದರು. ಅನುಭವಸ್ಥನಾದ ಗಂಡನು ಇಲ್ಲಿಯೇ ಎಚ್ಚರವಾಗಬೇಕಿತ್ತು. ಉಳವಪ್ಪನವರು ಹೆಂಡತಿಯ ಹೃದಯವೂ ಪರಿವರ್ತನೆಯಾಯಿತೆಂದು ತಿಳಿದರು.

ಈ ಸುದ್ದಿಯನ್ನು ಅವರು ಊರ ವಾಚನಾಲಯದಲ್ಲಿ ಹೇಳಿ, ಇದರ ಮೇಲೆ ಒಂದು ಭಾಷಣ ಮಾಡುವೆನೆಂದರು. ವಾಚನಾಲಯದ ಅಧ್ಯಕ್ಷರು ಹತ್ತಿ ವ್ಯಾಪಾರಿ ಪುಂಡಲೀಕಪ್ಪನವರು. ಅರಳೆಯನ್ನು ಹಿಂಜಿ ನೋಡದೆ ಬೆಲೆ ಹೇಳದ ಮನುಷ್ಯ.

“ಭಾಷಣ ಇಡೂಣಂತ, ಉಳವಪ್ಪಣ್ಣಾರ. ಆದ್ರ ಮೊದಲ ಒಮ್ಮೆ ಬೆಕ್ಕನ್ನ ಕಣ್ಣಾರೆ ನೋಡತೇವಿ,” ಎಂದರು.

ಹೇಳಿದ ದಿನ ಮಧ್ಯಾಹ್ನ ಪುಂಡಲೀಕಪ್ಪನವರು ಇನ್ನಿಬ್ಬರು ಸದಸ್ಯರೊಡನೆ ಬಂದರು. ಜಮಖಾನೆ ಹಾಸಿತ್ತು. ಅವಲಕ್ಕಿ, ಚಹಾ ಆದವು. ಉಳವಪ್ಪನವರು ಮಡಿ ಧೋತರ ಉಟ್ಟು, ಚಕ್ಕಳಮಕ್ಕಳ ಹಾಕಿ ಕುಳಿತು, ಹಸಿವೆಯೇ ಹಿಂಸೆಯ ತಾಯಿ ಎಂದು ಆರಂಭಿಸಿದರು.

“ಅಲ್ರಿ, ಬೆಕ್ಕು ಎಲ್ಲೈತಿ?” ಎಂದರು ಪುಂಡಲೀಕಪ್ಪ.

“ಎಲ್ಲ್ಯರ ಶಾಂತ ಕುಂತಿರತೈತಿ.”

ಅಷ್ಟರಲ್ಲಿ ಒಳಕೋಣೆಯಿಂದ ಬೆಳ್ಳಿ ಬಂತು. ಬಾಯಲ್ಲಿ ದಪ್ಪನೆಯ ಇಲಿ. ಪುಂಡಲೀಕಪ್ಪನವರ ಕಡೆಗೆ ನೋಡಲಿಲ್ಲ, ಉಳಿದಿಬ್ಬರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನೇರವಾಗಿ ಬಂದು ಉಳವಪ್ಪನವರ ಮಡಿಲಲ್ಲಿ ಇಲಿಯನ್ನಿಟ್ಟು, ಎದುರಿಗೆ ಕುಳಿತು ಅವರ ಮುಖವನ್ನೇ ನೋಡತೊಡಗಿತು.

ಪುಂಡಲೀಕಪ್ಪನವರು ಮುಂದೆ ಬಾಗಿ ನೋಡಿದರು.

“ಸತ್ತು ಬಿದ್ದಿದ್ದು ಸಿಕ್ಕಿರಬೇಕು,” ಎಂದರು ಉಳವಪ್ಪನವರು.

ಇಲಿ ಕಾಲು ಆಡಿಸಿತು. ಉಳವಪ್ಪನವರು ಮೊಣಕಾಲು ನೋವನ್ನು ಮರೆತು ಎದ್ದು ನಿಂತರು.

ನೀಲಗಂಗವ್ವ ಕಸದ ಮೊರ ಹಿಡಿದು ಬಂದು, ಇಲಿಯನ್ನು ಚಕ್ಕನೆ ಎತ್ತಿಕೊಂಡು ಹೊರಗೆ ಹೋಗಿ ಬಂದರು. ಆ ಕೈಚಳಕವನ್ನು ಪುಂಡಲೀಕಪ್ಪನವರು ನೋಡದೆ ಬಿಡಲಿಲ್ಲ.

“ಅಕ್ಕಾರ, ಇದು ನಿಮಗ ರೂಢಿ ಆದಂಗ ಕಾಣತೈತಿ.”

ನೀಲಗಂಗವ್ವ ಸೆರಗು ಸರಿಪಡಿಸಿಕೊಂಡು ಗಂಡನ ಕಡೆಗೆ ಒಮ್ಮೆ ನೋಡಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ದಿನಾ ಐತ್ರಿ ಅಣ್ಣಾರ. ಮುಂಜಾನಿ ಇವರ ತಲಿದಿಂಬಿನ ಬಾಜೂಕ ತಂದಿಟ್ಟಿರತೈತಿ. ಇವರು ಏಳೂದ್ರಾಗ ನಾ ತಗದು ತಿಪ್ಪಿಗೆ ಹಾಕತೇನಿ. ಮೊದಲ ಹಸದು ಒಲಿಮುಂದ ಬಿದ್ದಿರತಿತ್ತು. ಹಾಲು ಕುಡದು ಕಸುವು ಬಂದಮ್ಯಾಲ, ಬಾಜೂಕಿನ ಶಮಶಾದಬಿ ಮನಿ ಇಲೀನೂ ಬಿಡವಲ್ದು.”

“ಒಂದೂ ತಿನ್ನೂದಿಲ್ಲ?” ಎಂದರು ಪುಂಡಲೀಕಪ್ಪ.

“ಹೊಟ್ಟಿ ತುಂಬಿರತೈತಲ್ರಿ. ಹಿಡಿಯೂದಷ್ಟ ಅದರ ಕೆಲಸ.”

ಉಳವಪ್ಪನವರ ಮುಖ ಸಪ್ಪಗಾಯಿತು. “ನನಗ್ಯಾಕ ಹೇಳಲಿಲ್ಲ ನೀನು?”

“ಹೇಳಿದ್ರ ಹಾಲು ನಿಲ್ಲಸ್ತಿದ್ರಿ. ಬೀಜ ಹಾಳಾಗಿ ಹೋಗ್ತಿತ್ತು.”

“ಅದು ಖರೆ,” ಎಂದರು ಪುಂಡಲೀಕಪ್ಪ. “ಆದ್ರ ಮನಿ ತುಂಬ ಜಾಗಾ ಇರೂವಾಗ, ಇವರ ಹತ್ತರಾನ ಯಾಕ ತರತೈತಿ?”

ನೀಲಗಂಗವ್ವ ಸ್ವಲ್ಪ ಅನುಮಾನಿಸಿದರು. ಹಿರಿಯರ ಮುಂದೆ ಹೇಳುವ ಮಾತಲ್ಲ. ಆದರೂ ಹೇಳಿದರು. “ಹ್ವಾದ ವರ್ಷ ಅದು ಮರಿ ಹಾಕಿದಾಗ ನೋಡೇನ್ರಿ. ಬೇಟಿ ಆಡಾಕ ತಿಳೀಲಾರದ ಮರಿಗೆ ಮೊದಲ ಸತ್ತದ್ದು ತಂದು ಇಡತಿತ್ತು. ಆಮ್ಯಾಲ ಅರೆಜೀವದ್ದು ತರತಿತ್ತು, ಹಿಡ್ಯಾಕ ಕಲೀಲಿ ಅಂತ.”

ಪುಂಡಲೀಕಪ್ಪನವರು ಬೆಕ್ಕನ್ನು ನೋಡಿದರು, ಉಳವಪ್ಪನವರನ್ನು ನೋಡಿದರು. “ಇಂದಿಂದು ಅರೆಜೀವದ್ದ ಹೌದಲ್ಲ. ಹಂಗಾರ ಉಳವಪ್ಪಣ್ಣಾರು ಎರಡನೇ ಇಯತ್ತೆಗೆ ಪಾಸಾದ್ರು,” ಎಂದು ಟೊಪ್ಪಿಗೆ ತೆಗೆದುಕೊಂಡು ಎದ್ದರು. ಅವರು ಓಣಿಯ ತಿರುವಿನವರೆಗೂ ನಗು ತಡೆದುಕೊಂಡೇ ಹೋದರೆಂಬುದನ್ನು ಇಲ್ಲಿ ಹೇಳಲೇಬೇಕು. ದೊಡ್ಡ ಮನುಷ್ಯರು.

ಉಳವಪ್ಪನವರು ಧೋತರ ಬದಲಿಸಿ ಬಂದು ಘೋಷಿಸಿದರು: “ನಾಳಿಂದ ಆ ಬೆಕ್ಕಿಗೆ ಒಂದು ಹನಿ ಹಾಲು ಇಲ್ಲ. ಪ್ರಯೋಗ ಬಂದ್.”

“ಯಾಕ? ಬೀಜಕ್ಕ ಬಾಯಿ ಬಿದ್ದ ದಿನ ಬಂದ್ ಅಂದಿದ್ರಿ. ಬಿದ್ದೈತೇನು?”

“ಇಲ್ಲ.”

“ಮತ್ತ ನೀವು ಗೆದ್ದಂಗಾತು. ಗೆದ್ದವರು ನಡುವ ಬಿಡಬಾರದ್ರಿ.” ಹೀಗೆಂದು ನೀಲಗಂಗವ್ವ ಗಂಡನ ಪಾಲಿನ ಸಂಜೆಯ ಹಾಲನ್ನು ಬೆಳ್ಳಿಯ ತಾಟಿಗೆ ಸುರಿದರು, ಮೇಲೆ ಕೆನೆಯನ್ನೂ ಹಾಕಿದರು.

“ನನ್ನ ಗತಿ?” ಎಂದರು ಉಳವಪ್ಪನವರು.

“ನಿಮಗೇನು ಚಿಂತಿ, ಬಿಡ್ರಿ,” ಎಂದರು ನೀಲಗಂಗವ್ವ. “ನಿಮ್ಮನ್ನ ಸಾಕಾಕ ಅದು ಐತಲ್ಲ.”