ಒಲೆ ಮತ್ತು ಒಲ್ಲೆ

ಬೆಳಿಗ್ಗೆ ಪ್ರಯೋಗಕ್ಕೆಂದು ರಕ್ತ ಕೊಡುವಾಗ ಲ್ಯಾಬಿನ ತಂತ್ರಜ್ಞನಿಗೆ ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ಪಕ್ಕದ ಕುರ್ಚಿಯಲ್ಲಿ ತೋಳು ಚಾಚಿ ಕೂತಿದ್ದವಳು ಸೂಕ್ಷ್ಮದರ್ಶಕದ ಕೋಣೆಯಲ್ಲಿ ಕೆಲಸ ಮಾಡುವ, ಲ್ಯಾಬಿನವರೆಲ್ಲ ಅಕ್ಕ ಎನ್ನುವವಳು. ಅವಳ ತಂಗಿಯ ಜೊತೆ ಅವನ ಮದುವೆಯ ಮಾತು ಆ ಸಂಜೆ ಪಕ್ಕಾ ಆಗುವುದಿತ್ತು.

ಮಧ್ಯಾಹ್ನ ಫಲಿತಾಂಶ ಬಂತು. ಅವನ ರಕ್ತದ ರೋಗನಿರೋಧಕ ಕಣಗಳ ಎದುರು ರೋಗಾಣುವಿನ ಚೂರು ಇಟ್ಟರೂ ಅವು ರಜೆಯ ಮರುದಿನದ ಗುಮಾಸ್ತರ ಹಾಗೆ ಕದಲಲಿಲ್ಲವಂತೆ. ಪ್ರಯೋಗ ನಡೆಸುತ್ತಿದ್ದ ಮೇಡಂ ಸಾವಿನ ಸುದ್ದಿ ಹೇಳುವ ದನಿಯಲ್ಲಿ ಕಾರಣ ಹೇಳಿದರು: ಕಣದೊಳಗೆ ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳಿರುತ್ತವೆ. ಒಲೆ ಉರಿದರೆ ಕಣ ಕಾದಾಡುತ್ತದೆ, ಇಲ್ಲದಿದ್ದರೆ ಬರೀ ಕಾದು ಕೂರುತ್ತದೆ.

ಚಹಾದ ಹೊತ್ತಿಗೆ ಸುದ್ದಿ ಮಹಡಿಗೆಲ್ಲ ಹಬ್ಬಿತು. ಫ್ರೀಜರ್ ನೋಡಿಕೊಳ್ಳುವವನು ಭುಜ ತಟ್ಟಿ, ಇನ್ನು ಮೆಟ್ಟಿಲು ಹತ್ತಬೇಡಿ ಎಂದ. ಗುಮಾಸ್ತ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಅಕ್ಕ ಮಾತ್ರ ಕಣ್ಣು ತಪ್ಪಿಸಿ ಓಡಾಡಿದಳು.

"ತಮ್ಮಾ, ತಪ್ಪು ತಿಳೀಬೇಡ," ಎಂದಳು ಕೊನೆಗೆ. "ಒಲೆ ಉರಿಯದ ಕಡೆ ತಂಗೀನ ಕೊಡೋದಕ್ಕೆ ನಾನು ಒಲ್ಲೆ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಅವನಿಗೆ ಕಾಲೇಜಿನ ಪಾಠ ನೆನಪಾಯಿತು.

"ಅಕ್ಕಾ, ಈ ಒಲೆಗಳು ತಾಯಿಯಿಂದ ಮಾತ್ರ ಬರೋದು. ನಂದು ನನ್ನ ಜೊತೆಗೇ ಆರಿಹೋಗುತ್ತೆ. ಮಕ್ಕಳ ವಿಷಯದಲ್ಲಿ ಅಮ್ಮಂದೇ ನಡೆಯೋದು."

ಅಕ್ಕನ ಮುಖ ಅರಳಿತು. ಕೂಡಲೇ ಅವನ ತಾಯಿಗೆ ಫೋನ್ ಹಚ್ಚಿ, ಮಗನ ರಕ್ತ ಸೋಮಾರಿಯಾದರೂ ತಮಗೆ ಅಭ್ಯಂತರವಿಲ್ಲ, ಅದು ಬರೀ ತಾಯಿಯಿಂದ ಬಂದ ದೋಷ, ಹೀಗಂತ ನಿಮ್ಮ ಮಗನೇ ವಿವರಿಸಿದ ಎಂದು ಅವನ ಮಾತನ್ನೆಲ್ಲ ಒಪ್ಪಿಸಿ ಸಮಾಧಾನ ಹೇಳಿದಳು.

ಆ ಕಡೆಯಿಂದ ತಾಯಿ, ನನ್ನ ಒಲೆಯ ಮಾತು ಹಾಗಿರಲಿ, ಮೊದಲು ಹುಡುಗಿಯ ತಾಯಿ ಕಡೆಯ ಒಲೆ ತೋರಿಸಿ, ಉರಿಯುತ್ತಿದ್ದರೆ ಮದುವೆ ಎಂದರು.

"ಧಾರಾಳವಾಗಿ ನೋಡಿ ಅಮ್ಮಾ," ಎಂದು ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿದಳು. "ನನಗೂ ತಂಗಿಗೂ ತಾಯಿ ಒಬ್ಬಳೇ. ಬೆಳಿಗ್ಗೆ ನಾನೂ ರಕ್ತ ಕೊಟ್ಟಿದೀನಿ. ಒಲೆ ಧಗಧಗ ಅಂತಿದೆಯಂತೆ."

ಅಷ್ಟರಲ್ಲಿ ಮೇಡಂ ರಕ್ತದ ಎರಡು ನಳಿಕೆ ಹಿಡಿದು ಬಂದರು. ಅಕ್ಕನ ನಳಿಕೆಗೆ 'ಅ', ಅವನದಕ್ಕೆ 'ಆ' ಎಂದು ಬರೆದಿದ್ದರಂತೆ. ಶಾಯಿ ಒಣಗುವ ಮೊದಲೇ ಎರಡೂ ಒತ್ತಿಕೊಂಡು ನಿಂತು, 'ಆ' ಅಕ್ಷರದ ಬಾಲ ಅಳಿಸಿ 'ಅ'ಗೆ ಅಂಟಿ, ಹೆಸರುಗಳೇ ಅದಲುಬದಲಾಗಿದ್ದವು. ರಕ್ತದ ಗುಂಪು ತಾಳೆ ನೋಡಿದಾಗಲೇ ಗೊತ್ತಾದದ್ದು.

"ನಿಮ್ಮ ಒಲೆ ಚೆನ್ನಾಗಿ ಉರೀತಿದೆ," ಎಂದು ತಂತ್ರಜ್ಞನಿಗೆ ಹೇಳಿ ಅಕ್ಕನತ್ತ ಕೈ ತೋರಿದರು. "ಆರಿರೋದು ಇವರದು."

ಫೋನಿನಿಂದ ತಾಯಿಯ ದನಿ ಬಹಳ ಮೆತ್ತಗೆ ಬಂತು.

"ಮನೆಗೆ ಬಾ ಮಗನೇ. ಮಕ್ಕಳ ವಿಷಯದಲ್ಲಿ ಅಮ್ಮಂದೇ ನಡೆಯೋದು ಅಂತ ನೀನೇ ಹೇಳಿದ್ಯಲ್ಲ."