ಒಸ್ವಾಲ್ಡರಿಗೆ ಕಾರಣ ಬೇಕಿತ್ತು

ದೂರದ ಮರುಭೂಮಿಯಲ್ಲಿರುವ ದುಖಾನ್ ಕ್ಯಾಂಪಿಗೆ ಒಬ್ಬ ಗುಮಾಸ್ತರನ್ನು ಕಳಿಸಬೇಕಿತ್ತು. ದೋಹಾ ಆಫೀಸಿನಲ್ಲಿ ಇದ್ದದ್ದು ಇಬ್ಬರು, ಒಸ್ವಾಲ್ಡ್ ಮತ್ತು ಟೆರೆನ್ಸ್. ಮ್ಯಾನೇಜರ್ ಯತಿರಾಜ್ ಬೆಳಿಗ್ಗೆಯೇ ರಿಸೆಪ್ಶನಿನ ಲೀಲಾಕ್ಷಿಯ ಕೈಯಲ್ಲಿ ಚೀಟಿ ಎತ್ತಿಸಿದರು. ಒಸ್ವಾಲ್ಡರ ಹೆಸರು ಬಂತು.

ಸುದ್ದಿ ಕೇಳಿದ್ದೇ ಹೆಂಡತಿ ರೋಸ್‌ಮೇರಿ ಫೋನಿನಲ್ಲೇ ಗುಡುಗಿದಳು: "ನೀವು ದುಖಾನಿಗೆ ಹೋದ್ರೆ ನಾನು ಮಕ್ಕಳನ್ನು ಕರ್ಕೊಂಡು ಊರಿಗೆ ಹೋಗ್ತೇನೆ. ವಾರಕ್ಕೊಮ್ಮೆ ಗಂಡನ ಮುಖ ನೋಡ್ಲಿಕ್ಕೆ ಇಲ್ಲಿ ಯಾಕೆ ಇರ್ಬೇಕು?"

ಬೇರೆಯವರಾದರೆ ಹಣೆಬರಹ ಅಂತ ಸುಮ್ಮನಾಗುತ್ತಿದ್ದರು. ಒಸ್ವಾಲ್ಡ್ ಆ ಜಾತಿಯಲ್ಲ. ಅಲ್ ವಕ್ರಾದ ಮನೆಯಿಂದ ಮೆಟ್ರೊದಲ್ಲಿ ಆಫೀಸಿಗೆ ಬರುವಾಗ ದಿನಾ ತತ್ವಶಾಸ್ತ್ರದ ಭಾಷಣ ಕೇಳುವ ಆಸಾಮಿ. ಕಾರಣವಿಲ್ಲದೆ ಏನೂ ಆಗುವುದಿಲ್ಲ, ದೇವರೂ ಕಾರಣವಿಲ್ಲದೆ ಒಂದು ಇರುವೆಯನ್ನು ಸೃಷ್ಟಿಸಿಲ್ಲ ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

"ಚೀಟಿ ಒಂದು ಕಾರಣವಾ ಸರ್?" ಮ್ಯಾನೇಜರರ ಮೇಜಿನ ಮುಂದೆ ನಿಂತೇಬಿಟ್ಟರು. "ದೇವರು ಲೋಕ ಮಾಡುವಾಗ ಚೀಟಿ ಎತ್ತಿದ್ದಾನಾ? ಸಾಧ್ಯವಿದ್ದ ಲೋಕಗಳನ್ನೆಲ್ಲ ತೂಗಿ ನೋಡಿ, ಅದರಲ್ಲಿ ಒಳ್ಳೆಯದನ್ನೇ ಆರಿಸಿದ್ದು!"

"ಹೊರಗಿನ ಸೆಕೆ ನೋಡಿದ್ರೆ ಹಾಗೆ ಕಾಣುವುದಿಲ್ಲ ಸರ್," ಎಂದಳು ಲೀಲಾಕ್ಷಿ.

"ಆಯ್ತು ಮಾರಾಯ್ರೇ," ಯತಿರಾಜ್ ಕೈಮುಗಿದರು. "ನಿಮಗೂ ಟೆರೆನ್ಸರಿಗೂ ವ್ಯತ್ಯಾಸ ಎಂತ ಉಂಟು ಹೇಳಿ. ಚೀಟಿ ಹರಿದು ಹಾಕ್ತೇನೆ."

"ನನಗೆ ಶುಗರ್ ಉಂಟು."

ಟೆರೆನ್ಸ್ ಮಾತಿಲ್ಲದೆ ಜೇಬಿನಿಂದ ಶುಗರಿನ ಮಾತ್ರೆ ತೆಗೆದು ತೋರಿಸಿದರು. ಒಸ್ವಾಲ್ಡ್ ತನಗೆ ಇಬ್ಬರು ಹೆಣ್ಣುಮಕ್ಕಳು ಅಂದರೆ ಟೆರೆನ್ಸರಿಗೂ ಇಬ್ಬರೇ. ಸೊಂಟನೋವು ಅಂದಾಗ ಲೀಲಾಕ್ಷಿಯೇ ಒಗ್ಗರಣೆ ಹಾಕಿದಳು, "ಟೆರೆನ್ಸ್ ಸರ್ ಬೆಲ್ಟ್ ಕಟ್ಟಿಕೊಂಡೇ ಬರುವುದು."

"ದೇವರು ಎರಡು ಎಲೆಗಳನ್ನೂ ಒಂದೇ ಥರ ಮಾಡುವುದಿಲ್ಲ. ವ್ಯತ್ಯಾಸ ಇದ್ದೇ ಉಂಟು!" ಒಸ್ವಾಲ್ಡ್ ಪಟ್ಟು ಬಿಡಲಿಲ್ಲ. ಯತಿರಾಜ್ ಚಹಾ ಕುಡಿಯಲು ಹೋದರೆ ಅಲ್ಲಿ ಬಂದರು. ಮೀಟಿಂಗಿನಲ್ಲಿ ಕೂತರೆ ಬಾಗಿಲಲ್ಲಿ ತಲೆ ಹಾಕಿದರು. ಟಾಯ್ಲೆಟ್ಟಿನ ಹೊರಗೂ ಅದೇ ಪ್ರವಚನ.

ಮಧ್ಯಾಹ್ನಕ್ಕೆ ಯತಿರಾಜ್ ಸೋತರು. "ಖಲಾಸ್! ಟೆರೆನ್ಸೇ ಹೋಗ್ಲಿ."

ಒಸ್ವಾಲ್ಡ್ ಗೆದ್ದರು! ಬಾಯಿ ಮುಚ್ಚಿ ಕೂತಿದ್ದರೆ ಬಚಾವ್. ಆದರೆ ಟೆರೆನ್ಸ್ ಅಂದು ಮೊದಲ ಸಲ ತುಟಿ ಬಿಚ್ಚಿದರು.

"ನಾನೇ ಯಾಕೆ ಸರ್? ಕಾರಣ?"

ಒಸ್ವಾಲ್ಡರ ಕಣ್ಣೆದುರು ರೋಸ್‌ಮೇರಿ ಬಂದು ನಿಂತಳು. ನಾಲಿಗೆ ಕಚ್ಚಿ ಹಿಡಿದರು. ಏನು ಮಾಡಿದರೂ ತಡೆಯಲಾಗಲಿಲ್ಲ.

"ಅವರು ಕೇಳುವುದು ಸರಿ ಸರ್. ಅವರಿಗೂ ಕಾರಣ ಕೊಡ್ಬೇಕು."

ಯತಿರಾಜ್ ಇಬ್ಬರನ್ನೂ ಮಿಕಿಮಿಕಿ ನೋಡಿದರು. ನಿಧಾನಕ್ಕೆ ಅವರ ಮುಖ ಅರಳಿತು.

"ಸಿಕ್ಕಿತು ಒಸ್ವಾಲ್ಡ್ರೇ, ವ್ಯತ್ಯಾಸ ಸಿಕ್ಕಿತು! ಬೆಳಿಗ್ಗೆಯಿಂದ ಇವರು ಮಾತಾಡಿದ್ದು ಒಂದೇ ಸಲ. ನೀವು ಉಸಿರು ತೆಗೀಲಿಕ್ಕೂ ನಿಲ್ಲಿಸಲಿಲ್ಲ. ನಾನು ಯಾರನ್ನು ಹತ್ತಿರ ಇಟ್ಟುಕೊಳ್ಳಲಿ, ಯಾರನ್ನು ದುಖಾನಿಗೆ ಕಳಿಸಲಿ, ನೀವೇ ಹೇಳಿ."

ಒಸ್ವಾಲ್ಡ್ ಆ ವಾದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲೂ ತೂತು ಕಾಣಲಿಲ್ಲ. ಮನೆಗೆ ಫೋನ್ ಮಾಡಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಆ ಕಡೆ ರೋಸ್‌ಮೇರಿ ಕೊನೆಯವರೆಗೂ ಕೇಳಿದಳು.

"ಕಾರಣ ಸರಿಯಾಗಿಯೇ ಉಂಟಲ್ಲ," ಎಂದಳು. "ನಾನು ಊರಿಗೆ ಹೋಗುವುದಿಲ್ಲ ಬಿಡಿ. ನೀವು ಯಾವಾಗ ಹೊರಡುವುದು?"