ನಮ್ಮೂರಿನ ಓಟೆಲ್ಲ ಎಲ್ಲಿ ಹೋಯಿತು?

ಸಂತೋಷ ಹೆಚ್ಚಾದಾಗ ನನಗೆ ಲೆಕ್ಕ ಹತ್ತುವುದಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳಿಗೆ ಮೊದಲಾದರೂ ಎಷ್ಟು ಹತ್ತುತ್ತಿತ್ತು ಅನ್ನಿ. ಮೊಮ್ಮಗಳು ಹುಟ್ಟಿದ ಮೇಲಂತೂ ಹಾಲು ಉಕ್ಕಿ ಒಲೆ ಆರಿದರೂ ನಗುತ್ತಾ ನಿಂತಿರುತ್ತಿದ್ದೆ. ಕೊಡಿಗೇಹಳ್ಳಿಯಲ್ಲಿ ಅವಳನ್ನು ಎತ್ತಿ ಆಡಿಸದವರೇ ಉಳಿದಿರಲಿಲ್ಲ. ಇನ್ನು ಯಾರಿಗೆ ತೋರಿಸುವುದು ಎಂಬುದೇ ನನಗೆ ಚಿಂತೆಯಾಗಿತ್ತು.

ಅಷ್ಟರಲ್ಲಿ ಚುನಾವಣೆ ಬಂತು. ಸ್ಕೂಲಿನ ಮೇಷ್ಟ್ರು ಓಟಿನವರ ಹೆಸರು ಬರೆದುಕೊಳ್ಳಲು ಮನೆಮನೆಗೂ ಬಂದರು. ನಮ್ಮೂರು, ಬ್ಯಾಟರಾಯನಪುರ, ಎರಡರಲ್ಲಿ ಯಾವ ಊರಿನಲ್ಲಿ ಓಟು ಹೆಚ್ಚೋ ಅಲ್ಲಿ ಪೆಟ್ಟಿಗೆ ಇಡುತ್ತಾರಂತೆ. ನಮ್ಮೂರೇ ದೊಡ್ಡದು. ಪೆಟ್ಟಿಗೆ ಇಲ್ಲಿಗೆ ಬಂದರೆ ಬ್ಯಾಟರಾಯನಪುರಕ್ಕೆ ಬ್ಯಾಟರಾಯನಪುರವೇ ನಮ್ಮ ಬಾಗಿಲ ಮುಂದೆ ಹಾದು ಹೋಗಬೇಕು, ಮೊಮ್ಮಗಳನ್ನು ನೋಡಲೇಬೇಕು!

“ಸೊಸೆಗೆ ವಯಸ್ಸೆಷ್ಟಮ್ಮಾ?” ಎಂದರು ಮೇಷ್ಟ್ರು.

ಜಗಲಿಯ ಮೇಲೆ ಎದುರುಮನೆಯ ಗೌರಮ್ಮ ಕೂತಿದ್ದಳು. ಅವಳ ಮುಂದೆ ಇಪ್ಪತ್ತಮೂರು ಎನ್ನಲು ನನಗೇನು ಹುಚ್ಚೆ? ಮದುವೆಯಲ್ಲಿ ಊರಿಗೆಲ್ಲ ಹೇಳಿದ್ದ ವಯಸ್ಸನ್ನೇ ಹಿಡಿದು, “ಇನ್ನೂ ಮಗೂನೇ ಮೇಷ್ಟ್ರೇ, ಅತ್ತೊಂಬತ್ತೂ ತುಂಬಿಲ್ಲ” ಎಂದೆ.

“ಓಟಿಗೆ ಇಪ್ಪತ್ತೊಂದು ಆಗಿರ್ಬೇಕಲ್ಲಮ್ಮ” ಎಂದು ಅವರು ಸೊಸೆಯ ಹೆಸರು ಬಿಟ್ಟರು. ಆಗೆಲ್ಲ ಓಟಿಗೆ ಹದಿನೆಂಟು ಸಾಲುತ್ತಿರಲಿಲ್ಲ. ಹೋದರೆ ಒಂದು ಓಟು, ಅಷ್ಟೇ ತಾನೇ?

ಮೇಷ್ಟ್ರ ಹಿಂದೆಯೇ ನಾವು ಗೌರಮ್ಮನ ಮನೆಗೆ ಹೋದೆವು. ಗಂಡು ಸಿಗದೆ ಕೂತಿದ್ದ ಮಗಳಿಗೆ ಅವಳು ಹದಿನಾರು ಎಂದಳು. ಆ ಹುಡುಗಿ ನನ್ನ ಸೊಸೆಗಿಂತ ದೊಡ್ಡವಳು! ಆದರೆ ನಾನು ಎದುರಿಗೇ ನಿಂತಿದ್ದೆನಲ್ಲ, ಪಾಪ, ಇನ್ನೇನು ಹೇಳಿಯಾಳು? ಅಲ್ಲಿಂದ ಎಲ್ಲರೂ ಪಕ್ಕದ ಮನೆಗೆ, ಅದರ ಪಕ್ಕದ ಮನೆಗೆ. ನಾವು ಹೋದಲ್ಲೆಲ್ಲ ಹೆಣ್ಣುಮಕ್ಕಳು ಚಿಕ್ಕವರಾಗುತ್ತಾ ಬಂದರು.

ಪೆಟ್ಟಿಗೆ ಬ್ಯಾಟರಾಯನಪುರಕ್ಕೆ ಹೋಯಿತು.

“ಇದೇನ್ ಮೇಷ್ಟ್ರೇ ಇಂಗಾಯ್ತು? ದೊಡ್ಡೂರು ನಮ್ದಲ್ವಾ?”

“ಊರು ದೊಡ್ಡದೇ ಕಣಮ್ಮಾ, ಆದ್ರೆ ಊರೊಳಗೆ ಇರೋರೆಲ್ಲ ಮಕ್ಳು! ಅಲ್ಲಿ ಗಂಡಸರು ಚಾವಡೀಲಿ ಕೂತು ಇದ್ದ ವಯಸ್ಸನ್ನೇ ಬರೆಸಿದ್ರು.”

ನನಗೆ ಇಂದಿಗೂ ಅರ್ಥವಾಗಿಲ್ಲ. ಮನೆಗೊಬ್ಬಳ ವಯಸ್ಸು ಒಂದಿಷ್ಟು ಇಳಿಸಿದರೆ ಇಡೀ ಊರೇ ಇಳಿದೀತೆ?

ಓಟಿನ ದಿನ ರೇಷ್ಮೆ ಸೀರೆ ಉಟ್ಟು, ಮಗುವನ್ನು ಕೊಡೆಂದು ಕೈ ಚಾಚಿದೆ. ಅಲ್ಲಿಗೇ ಎತ್ತಿಕೊಂಡು ಹೋಗಿ ತೋರಿಸಿದರಾಯಿತು ಎಂಬ ಎಣಿಕೆ ನನ್ನದು. ಸೊಸೆ ಅವಳನ್ನು ಮಡಿಲಿಗೆಳೆದುಕೊಂಡು, “ನೀವ್ ಹೋಗ್ಬನ್ನಿ ಅತ್ತೆ. ನಾವಿಬ್ರೂ ಇನ್ನೂ ಚಿಕ್ಕೋರು” ಎಂದಳು.

ಉರಿಬಿಸಿಲಿನಲ್ಲಿ ನಮ್ಮೂರಿನಿಂದ ಹೊರಟ ಹೆಂಗಸರಲ್ಲಿ ಮುದುಕಿಯರೇ ಹೆಚ್ಚು. ಗೌರಮ್ಮ ನನ್ನ ಬರಿಗೈ ನೋಡಿ, “ಯಾಕೆ, ನಿನ್ ಸೊಸೆ ಬರ್ಲಿಲ್ವಾ?” ಎಂದಳು.

“ನಿನ್ ಮಗಳು?” ಎಂದೆ.

ಗೌರಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡು ಬ್ಯಾಟರಾಯನಪುರದ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿದಳು.